ದೂರದ ಲೆನ್ಸಿನ ದೊಡ್ಡ ಮನುಷ್ಯ

ಅವರ ಲೆನ್ಸು ಹೊತ್ತು ಹೊತ್ತು ನನ್ನ ಬಲಭುಜ ಎಡಕ್ಕಿಂತ ತುಸು ಇಳಿದಿದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ಅಂಗಿ ಹೊಲಿಯುವ ದರ್ಜಿಯೂ ಅದನ್ನೇ ಹೇಳಿದ. ಹೋದ ತಿಂಗಳು ಅವರು ತೀರಿಕೊಂಡರು. ತಿಪಟೂರಿನಲ್ಲಿರುವ ಅವರ ಅಭಿಮಾನಿಗಳು ಈಗ ನೆನಪಿನ ಸಂಚಿಕೆ ತರುವ ಹುಮ್ಮಸ್ಸಿನಲ್ಲಿದ್ದಾರೆ. "ನೀವು ಅವರಿಗೆ ಆಪ್ತರು, ನಾಲ್ಕು ಪುಟ ಬರೆದುಕೊಡಿ ಸಾರ್" ಎಂದು ಮನೆಗೇ ಬಂದು ಕೇಳಿದರು. ಆಪ್ತನಂತೆ! ನನ್ನ ಹತ್ತಿರ ಒಂದು ಹಳೇ ವ್ಯಾನಿತ್ತು, ಅವರ ಹತ್ತಿರ ಸ್ಕೂಟರಿನಲ್ಲಿ ಸಾಗಿಸಲಾಗದ ಸಾಮಾನಿತ್ತು. ನಮ್ಮ ಸ್ನೇಹದ ಗುಟ್ಟು ಅಷ್ಟೇ. ಆದರೂ ಬರೆದುಕೊಡುತ್ತೇನೆ ಎಂದೆ. ಬರೆದದ್ದು ಇದು. ಹೆಸರು ಹಾಕುವುದಿಲ್ಲ, ಅವರ ಹೆಂಡತಿ ಇನ್ನೂ ಇದ್ದಾರೆ, ಒಳ್ಳೆಯ ಹೆಂಗಸು. ಅಚ್ಚು ಹಾಕಿಸುವ ಧೈರ್ಯ ಇದ್ದರೆ ಹಾಕಿಸಲಿ.

ಒಂದೇ ಕಾಲೇಜಿನಲ್ಲಿ ಅವರು ಭೌತಶಾಸ್ತ್ರ ಹೇಳುತ್ತಿದ್ದರು, ನಾನು ಕನ್ನಡ. ಅವರ ಹುಟ್ಟೂರು ದಬ್ಬೇಘಟ್ಟದ ಹತ್ತಿರದ ಹಳ್ಳಿ. ನನ್ನ ಅಕ್ಕನನ್ನು ಕೊಟ್ಟಿದ್ದೂ ಅದೇ ಊರಿಗೆ. ಅಕ್ಕನ ತೋಟದ ಪಕ್ಕದಲ್ಲೇ ಅವರ ಜಾಗ. ನಿವೃತ್ತಿಯಾದ ವರ್ಷವೇ ಅವರು ಅಪ್ಪ ಮಾಡಿಟ್ಟ ತೆಂಗಿನ ತೋಟ ಮಾರಿದರು. ಬಂದದ್ದರಲ್ಲಿ ಅಲ್ಲೇ ಉಳಿಸಿಕೊಂಡ ಜಾಗದಲ್ಲಿ ಒಂದು ಮಹಡಿ ಮನೆ ಕಟ್ಟಿಸಿ, ಉಳಿದದ್ದರಲ್ಲಿ ಎಲ್ಲೆಲ್ಲಿಂದಲೋ ಹಳೆಯ ಕ್ಯಾಮೆರಾ, ಲೆನ್ಸು ತರಿಸಿದರು. ತೆಂಗು ಮಾರಿ ಗಾಜು ಕೊಂಡ ಎಂದು ಊರವರು ಆಡಿಕೊಂಡರು. ಊರವರ ಮಾತಿಗೆ ಅವರು ಸೊಪ್ಪು ಹಾಕುವವರಲ್ಲ.

ಕ್ಯಾಮೆರಾ ಎರಡಿದ್ದವು. ಒಂದು ಮಧ್ಯಮ ಗಾತ್ರದ್ದು, ಅಗಲವಾದ ರೋಲ್ ಫಿಲ್ಮು ಹಾಕುವಂಥದ್ದು. ಇನ್ನೊಂದು ಭಾರಿ ಗಾತ್ರದ್ದು. ಅದಕ್ಕೆ ಮರದ ಚೌಕಟ್ಟು, ನಡುವೆ ಹಾರ್ಮೋನಿಯಂ ತಿದಿಯಂಥ ಕಪ್ಪು ಮಡಿಕೆ, ಹಿಂದೆ ಉಜ್ಜಿದ ಗಾಜು. ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಹೊದ್ದು ಆ ಗಾಜನ್ನು ನೋಡಬೇಕು. ಅಲ್ಲಿ ಜಗತ್ತು ತಲೆಕೆಳಗಾಗಿ ಕಾಣುತ್ತದೆ. ಇವೆರಡಕ್ಕೂ ಜೋಡಿಸಲು ದೂರದ್ದನ್ನು ಹತ್ತಿರ ಎಳೆಯುವ ಲೆನ್ಸುಗಳು. ಅದರಲ್ಲೂ ದೊಡ್ಡ ಕ್ಯಾಮೆರಾದ್ದು ರುಬ್ಬುಗುಂಡಿನಷ್ಟು ಭಾರ. ಕ್ಯಾಮೆರಾಕ್ಕೊಂದು ಸ್ಟ್ಯಾಂಡು, ಲೆನ್ಸಿಗೇ ಇನ್ನೊಂದು ಸ್ಟ್ಯಾಂಡು. ಗಾಳಿಗೆ ಅಲುಗದಿರಲೆಂದು ಎರಡಕ್ಕೂ ತೆಂಗಿನಕಾಯಿ ತುಂಬಿದ ಚೀಲ ತೂಗುಹಾಕುತ್ತಿದ್ದರು. ಕಾಯಿ ಅಕ್ಕನ ತೋಟದ್ದು. ಚಿತ್ರ ತೆಗೆದಾದ ಮೇಲೆ ಚೀಲ ಅವರ ಮನೆ ಅಡಿಗೆಮನೆಗೆ ಹೋಗುತ್ತಿತ್ತು.

ಲೆನ್ಸು ಉದ್ದವಾದಷ್ಟೂ ಸಣ್ಣ ಅದುರು ದೊಡ್ಡದಾಗಿ ಬೀಳುತ್ತದೆ ಎನ್ನುವುದು ನಿಜವೇ. ಆದರೆ ಅದನ್ನು ಹಿಡಿದುಕೊಂಡು ಅವರು ಊರಿಗೆಲ್ಲ ಯಜಮಾನರಾದರು. ಅವರು ಬಟ್ಟೆಯೊಳಗೆ ತಲೆ ಹಾಕಿದರೆಂದರೆ ಪಂಪ್‌ಸೆಟ್ ನಿಲ್ಲಿಸಬೇಕು, ಟ್ರ್ಯಾಕ್ಟರು ನಿಲ್ಲಬೇಕು, ದನ ಹೊಡೆದುಕೊಂಡು ಬರುವವರು ಅಲ್ಲೇ ಕಾಯಬೇಕು. "ನಡೀಬೇಡ್ರಿ, ನೆಲ ಅದುರುತ್ತೆ" ಎಂದು ಬಟ್ಟೆಯೊಳಗಿಂದಲೇ ಗದರುತ್ತಿದ್ದರು. ಒಮ್ಮೆ ದಬ್ಬೇಘಟ್ಟದ ರಸ್ತೆಯಲ್ಲಿ ಸ್ಟ್ಯಾಂಡು ಹೂಡಿ, ಬಂದ ಬಸ್ಸಿನ ಎಂಜಿನ್ ಆಫ್ ಮಾಡಲು ಕೈಸನ್ನೆ ಮಾಡಿದರು. ಡ್ರೈವರು ಕಿಟಕಿಯಿಂದ ತಲೆ ಹಾಕಿ, "ಏನ್ ಸಾಮಿ, ತೋಪು ಇಟ್ಟಿದ್ದೀರಾ? ಯಾವೂರ್ ಮ್ಯಾಲೆ ದಂಡು?" ಎಂದ. ಬಸ್ಸಿನವರೆಲ್ಲ ನಕ್ಕರು. ಇವರು ಅಷ್ಟೂ ಜನರ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ, "ಇವರಿಗೆ ಯಾವತ್ತಾದ್ರೂ ಗೊತ್ತಾಗುತ್ತೇನ್ರೀ ಕನ್ನಡದೋರೇ?" ಎಂದರು. ನನ್ನನ್ನು ಅವರು ಹೆಸರು ಹಿಡಿದು ಕರೆದ ನೆನಪಿಲ್ಲ.

ಮಾತಿಗೇನೂ ಬರವಿರಲಿಲ್ಲ. "ಮೊಬೈಲಲ್ಲಿ ತೆಗೆಯೋದು ಫೋಟೋ ಅಲ್ಲ ಕಣ್ರೀ, ಜೆರಾಕ್ಸು" ಎಂಬುದು ಅವರ ದಿನನಿತ್ಯದ ಮಂತ್ರ. ಚಂದ್ರ ಎಲ್ಲಿ ಯಾವಾಗ ಹುಟ್ಟುತ್ತಾನೆಂದು ಪಂಚಾಂಗ, ದಿಕ್ಸೂಚಿ ಇಟ್ಟುಕೊಂಡು ಲೆಕ್ಕ ಹಾಕುತ್ತೇನೆ ಎನ್ನುತ್ತಿದ್ದರು. ಅದೇ ಲೆಕ್ಕವನ್ನು ಹೆಂಡತಿಯ ಮೊಬೈಲಿನಲ್ಲಿ ಗುಟ್ಟಾಗಿ ನೋಡಿಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ.

ಆ ಹೆಂಡತಿಯ ಫೋಟೋವನ್ನು ಅವರು ಒಮ್ಮೆ ತೆಗೆಯಲು ಹೊರಟ ಪ್ರಸಂಗ ಹೇಳಬೇಕು. ಯಾವುದೋ ಹಬ್ಬದ ದಿನ, ರೇಷ್ಮೆ ಸೀರೆ ಉಟ್ಟು, "ನಂದೊಂದು ತೆಗೀರಿ, ಇಷ್ಟೆಲ್ಲ ಇಟ್ಕೊಂಡಿದ್ದೀರಿ" ಎಂದು ಆಕೆ ಕೇಳಿದರು. ಹತ್ತಿರ ನಿಂತರೆ ಆ ಲೆನ್ಸಿಗೆ ಏನೂ ಕಾಣುವುದಿಲ್ಲ. "ಕೆರೆ ಏರಿ ಮೇಲೆ ಹೋಗಿ ನಿಲ್ಲು" ಎಂದರು ಇವರು. ಆ ತಾಯಿ ಸೀರೆಯ ನೆರಿಗೆ ಎತ್ತಿ ಹಿಡಿದು ಏರಿಯವರೆಗೂ ನಡೆದುಹೋಗಿ ಬಿಸಿಲಲ್ಲಿ ನಿಂತರು. ಇವರು ಬಟ್ಟೆಯೊಳಗಿಂದ ಹೊರಗೆ ಬರಲೇ ಇಲ್ಲ. ತಲೆಕೆಳಗಾದ ಗಾಜಿನಲ್ಲಿ ಹೆಂಡತಿಯನ್ನು ಹುಡುಕುತ್ತಿದ್ದರು. ಸಿಕ್ಕುವಷ್ಟರಲ್ಲಿ ಗಾಳಿ ಎದ್ದಿತು. ಗಾಳಿ ಇಳಿಯುವಷ್ಟರಲ್ಲಿ ಆಕೆಗೆ ತಲೆ ಸುತ್ತಿ ಏರಿಯ ಕಲ್ಲಿನ ಮೇಲೆ ಕೂತಿದ್ದರು. "ಕೂತ್ಕೊಂಡ್ರೆ ಫ್ರೇಮ್ ಕೆಡುತ್ತೆ" ಎಂದು ಇವರು ಗೊಣಗಿದರೇ ಹೊರತು ಒಂದು ಚೊಂಬು ನೀರು ತೆಗೆದುಕೊಂಡು ಹೋಗಲಿಲ್ಲ. ನೀರು ಕೊಟ್ಟವಳು ನನ್ನ ಅಕ್ಕ.

ಇನ್ನು ಅಕ್ಕನ ತೋಟದ ವಿಷಯ. ಅವಳ ತೋಟದಲ್ಲಿ ಮಿಕ್ಕ ಗಿಡಗಳೆಲ್ಲ ಭಾವ ನೆಟ್ಟವು, ಇನ್ನೂ ಗಿಡ್ಡ. ಕೆರೆ ಕಡೆಯ ಬದುವಿನಲ್ಲಿ ಮಾತ್ರ ಒಂದೇ ಒಂದು ಹಳೆಯ ಮರ, ಎಲ್ಲಕ್ಕಿಂತ ಎತ್ತರ. ಅದು ತಾಯಿಮರ. ತೆಂಗಿನ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ: ಕಾಯಿ ಕಚ್ಚುವುದರಲ್ಲಿ, ರೋಗ ತಡೆಯುವುದರಲ್ಲಿ, ಬರ ತಾಳುವುದರಲ್ಲಿ ಗಟ್ಟಿಯೆಂದು ವರ್ಷಗಟ್ಟಲೆ ನೋಡಿ ಒಪ್ಪಿದ ಮರದ ಕಾಯಿಯನ್ನೇ ಬಿತ್ತನೆಗೆ ಇಡುತ್ತಾರೆ, ಅಂಥದ್ದೇ ತಾಯಿಮರ. ಅಕ್ಕನ ಮರದ ಬಿತ್ತನೆಕಾಯಿಗೆ ಹಾಲ್ಕುರಿಕೆಯಿಂದ ಬರುತ್ತಿದ್ದರು, ಕೆಂಕೆರೆಯಿಂದ ಬರುತ್ತಿದ್ದರು. ಬಂದವರು ಮರ ನೋಡಿ, ಮಜ್ಜಿಗೆ ಕುಡಿದು, ಅಕ್ಕನನ್ನು ಮಾತಾಡಿಸಿ ಹೋಗುತ್ತಿದ್ದರು. ಭಾವ ಸತ್ತ ಮೇಲೆ ಅವಳನ್ನು ಊರಲ್ಲಿ ಯಾರೂ ಕಡೆಗಣಿಸದಿದ್ದದ್ದು ಆ ಮರದಿಂದ. "ತಾಯಿಮರದ ಅಮ್ಮ" ಎಂದೇ ಅವಳ ಗುರುತು.

ಇವರಿಗೆ ಚಂದ್ರನ ಹುಚ್ಚು ಹತ್ತಿತು. ಕೆರೆಯಾಚೆಯ ಗುಡ್ಡದ ತುದಿಯಲ್ಲಿ ಸಣ್ಣದೊಂದು ಗುಡಿಯಿದೆ. ಹುಣ್ಣಿಮೆಯ ಸಂಜೆ ಆ ಗುಡಿಯ ಬೆನ್ನಿಗೇ ಚಂದ್ರ ಏಳುವ ಗಳಿಗೆಯನ್ನು ತಮ್ಮ ಮಹಡಿಯಿಂದ ಹಿಡಿಯಬೇಕು ಎಂದು ಹಟ ತೊಟ್ಟರು. ಎಲ್ಲ ಸರಿಯಿತ್ತು, ಮಧ್ಯೆ ತಾಯಿಮರದ ಮಂಡೆ ಅಡ್ಡ ಬರುತ್ತಿತ್ತು.

"ಏರಿ ಮೇಲೆ ಇಟ್ಕೊಳ್ಳಿ ಸಾರ್, ಮರ ಹಿಂದಕ್ಕೆ ಬೀಳುತ್ತೆ" ಎಂದೆ.

"ಹತ್ತಿರ ಹೋದ್ರೆ ಗುಡಿ ದೊಡ್ಡದಾಗುತ್ತೆ, ಅದರ ಮುಂದೆ ಚಂದ್ರ ಚಿಕ್ಕವನಾಗ್ತಾನೆ."

"ಚಿಕ್ಕವನಾದ್ರೆ ಆಗ್ಲಿ ಬಿಡಿ. ಇರೋದೇ ಅಷ್ಟಲ್ವಾ?"

ನನ್ನನ್ನು ಅವರು ನೋಡಿದ ನೋಟದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಮಾಡಿದವರ ಮೇಲಿನ ತಾತ್ಸಾರವೆಲ್ಲ ಇತ್ತು.

ಒಂದು ಮಧ್ಯಾಹ್ನ ಅಕ್ಕನನ್ನೇ ಮಹಡಿಗೆ ಕರೆದು ಮರದ ಅಡ್ಡಿ ತೋರಿಸಿದರು. ನಾನೂ ಇದ್ದೆ. ಅಕ್ಕ ಕಪ್ಪು ಬಟ್ಟೆಯೊಳಗೆ ತಲೆ ಹಾಕಿ, "ಅಯ್ಯೋ ಶಿವನೇ, ನಮ್ಮ ಮರ ಬುಡಮೇಲಾಗೈತಲ್ಲಪ್ಪಾ!" ಎಂದಳು. ಆ ದೊಡ್ಡ ಕ್ಯಾಮೆರಾಕ್ಕೆ ರೋಲಿಲ್ಲ, ಒಂದು ಚಿತ್ರಕ್ಕೆ ಒಂದು ಹಾಳೆ ಫಿಲ್ಮು. ಆಮೇಲೆ ಇವರು ಅಂಥ ಒಂದು ಹಾಳೆಯ ಮೇಲೆ ಆ ನೋಟವನ್ನು ಪರೀಕ್ಷೆಗೆಂದು ತೆಗೆದರು, ತೆಗೆಯುತ್ತಾ ನಮಗೆ ಪಾಠವನ್ನೂ ಮಾಡಿದರು. ಹಾಳೆ ಇರುವ ಚಪ್ಪಟೆ ಪೆಟ್ಟಿಗೆಗೆ ಜಾರುವ ಮುಚ್ಚಳವಿರುತ್ತದೆ. ಅದರ ತುದಿ ಒಂದು ಕಡೆ ಬಿಳಿ, ಇನ್ನೊಂದು ಕಡೆ ಕಪ್ಪು. ಬಿಳಿ ಹೊರಗಿದ್ದರೆ ಹಾಳೆ ಹೊಸದು. ಚಿತ್ರ ತೆಗೆದ ಮೇಲೆ ಮುಚ್ಚಳ ತಿರುಗಿಸಿ ಕಪ್ಪು ಹೊರಗೆ ಬರುವಂತೆ ಹಾಕಬೇಕು, ಇಲ್ಲವಾದರೆ ಬಳಸಿದ್ದು ಯಾವುದು, ಬಳಸದ್ದು ಯಾವುದು ಎಂದು ತಿಳಿಯುವುದಿಲ್ಲ. "ಶಿಸ್ತು ಕಣಮ್ಮ! ಇದು ಶಿಸ್ತಿನ ವಿದ್ಯೆ" ಎಂದು ಮುಚ್ಚಳವನ್ನು ಗಾಳಿಯಲ್ಲಿ ಆಡಿಸಿ, ಅಕ್ಕನ ಮುಖ ನೋಡುತ್ತಲೇ ಪೆಟ್ಟಿಗೆಗೆ ತುರುಕಿದರು. ಎಲ್ಲ ಕೇಳಿಸಿಕೊಂಡ ಅಕ್ಕ, "ಒಣಗರಿ ಬೇಕಾದ್ರೆ ಕೀಳ್ಸಪ್ಪ. ಹಸಿದಕ್ಕೆ ಮಾತ್ರ ಕೈ ಹಾಕ್ಬ್ಯಾಡ. ನಾನು ಕೊಡಾಕಿಲ್ಲ" ಎಂದು ಇಳಿದುಹೋದಳು.

ಆ ಹುಣ್ಣಿಮೆಗೆ ಅಕ್ಕ ಊರಲ್ಲಿರಲಿಲ್ಲ. ಚಿಕ್ಕನಾಯಕನಹಳ್ಳಿಯಲ್ಲಿ ಅವಳ ಮಗಳ ಮನೆ ಗೃಹಪ್ರವೇಶ. ಸೋದರಮಾವನಾದ ನಾನೂ ಅಲ್ಲೇ ಇದ್ದೆ. ಮರುದಿನ ಅವಳನ್ನು ವ್ಯಾನಿನಲ್ಲಿ ಕರೆತಂದೆ. ಊರ ತಿರುವಿಗೆ ಬರುವ ಮೊದಲೇ ಅಕ್ಕ, "ವ್ಯಾನ್ ನಿಲ್ಸ್ಲಾ" ಎಂದಳು. ನನಗೆ ಏನೂ ಹೊಳೆಯಲಿಲ್ಲ. ಅವಳು ಆಕಾಶದ ಕಡೆ ಕೈ ತೋರಿಸಿದಳು. ಅಲ್ಲಿ ಬರೀ ಕಂಬ ನಿಂತಿತ್ತು. ಗರಿಯಿಲ್ಲ, ಗೊನೆಯಿಲ್ಲ, ಸುಳಿಯಿಲ್ಲ. ಸುಳಿ ಹೋದ ತೆಂಗು ಮತ್ತೆ ಚಿಗುರುವುದಿಲ್ಲ ಎಂಬುದು ಈ ಸೀಮೆಯಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಇವರೂ ಇಲ್ಲಿಯೇ ಹುಟ್ಟಿದವರು.

ನಾವು ಮರದ ಬುಡಕ್ಕೆ ಬಂದದ್ದನ್ನು ಕಂಡು ಮಹಡಿಯ ಮೇಲಿಂದಲೇ ಮಾತಾಡಿದರು. "ಕೆಂಪುಮೂತಿ ಹುಳ ಬಿದ್ದಿತ್ತು ಕಣಮ್ಮ. ಮಿಕ್ಕ ಮರಕ್ಕೂ ಹಬ್ಬುತ್ತೆ ಅಂತ ನಾನೇ ನಿಂತು ತೆಗೆಸ್ದೆ. ನೀವಿದ್ದಿದ್ರೂ ಅದನ್ನೇ ಮಾಡ್ತಿದ್ರಿ."

ಅಕ್ಕ ಕೆಳಗೆ ಬಿದ್ದಿದ್ದ ಮಂಡೆಯ ಹತ್ತಿರ ಕೂತು, ಮಚ್ಚು ತರಿಸಿ, ಸುಳಿಯನ್ನು ಸೀಳಿದಳು. ಒಳಗೆಲ್ಲ ಬಿಳುಪು. ಒಂದು ತೂತಿಲ್ಲ, ಒಂದು ಕೊಳೆತ ಎಳೆಯಿಲ್ಲ. ಒಂದು ಚೂರು ಮುರಿದು ನನ್ನ ಕೈಗಿಟ್ಟಳು. ಸಿಹಿಯಾಗಿತ್ತು. ಆಮೇಲೆ ತಲೆಯೆತ್ತಿ, "ಹುಳ ಎಲ್ಲೈತೆ ತೋರ್ಸಪ್ಪ" ಎಂದಳು.

"ಅವು ಅಲ್ಲೇ ಕೂತಿರ್ತಾವಾ? ಹಾರಿಹೋಗಿರ್ತವೆ" ಎಂದು ಒಳಗೆ ಹೋದರು.

ಮರ ಹತ್ತಿದವನು ಬೇರೆ ಊರಿನವನು. ವಾರದೊಳಗೆ ಅವನೇ ಅಕ್ಕನ ಮುಂದೆ ಬಂದು ಅತ್ತ. "ಅಮ್ಮ ಒಪ್ಪವ್ರೆ, ಮರ ತೆಗೆಸ್ತಾರೆ ಅಂತ ಸಾರು ಅಂದ್ರು ಕಣವ್ವಾ. ಸುಳಿ ಚೆನ್ನಾಗೈತಲ್ಲ ಸಾರ್ ಅಂದೆ. ಕಡಿಯಯ್ಯಾ ನೀನು ಅಂದ್ರು." ಅಕ್ಕ ಅವನಿಗೆ ಬೈಯಲಿಲ್ಲ. ನಾನು ಭಾನುವಾರ ಜಗಳವಾಡಲೆಂದೇ ಅವರ ಮನೆಗೆ ಹೋದೆ.

ಅವರು ಬಚ್ಚಲುಮನೆಯಲ್ಲಿ ಕತ್ತಲೆ ಮಾಡಿಕೊಂಡು ಫಿಲ್ಮು ತೊಳೆಯುತ್ತಿದ್ದರು. ಅವರ ಹೆಂಡತಿ ನನಗೆ ಕಾಫಿ ಕೊಟ್ಟು ಕೂರಿಸಿದರು. ಒಳಗಿಂದ ಒಂದು ಕೂಗು ಬಂತು. ಬಾಗಿಲು ತೆರೆದು, ನೀರು ಸೋರುವ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ನಿಂತರು. ನಾನೂ ಬಗ್ಗಿ ನೋಡಿದೆ. ಚಂದ್ರನನ್ನು ತೆಗೆದದ್ದು ಪರೀಕ್ಷೆಗೆ ಬಳಸಿದ ಅದೇ ಹಾಳೆಯ ಮೇಲೆ! ಅಂದು ಅಕ್ಕನಿಗೆ ಶಿಸ್ತಿನ ಪಾಠ ಹೇಳುವ ಭರದಲ್ಲಿ ಇವರೇ ಮುಚ್ಚಳ ತಿರುಗಿಸಲು ಮರೆತಿದ್ದರು. ಗುಡಿಯ ಮೇಲೆ ಗುಡಿ ಕೂತಿತ್ತು. ಹಗಲಿನ ಆಕಾಶವಿದ್ದ ಕಡೆಯೆಲ್ಲ ಹಾಳೆ ಮೊದಲೇ ಬೆಳಕು ಕುಡಿದು ತುಂಬಿಹೋಗಿದ್ದರಿಂದ ಅಲ್ಲಿ ಚಂದ್ರ ಕಾಣುತ್ತಲೇ ಇರಲಿಲ್ಲ. ಮರದ ಮಂಡೆ ಅಡ್ಡ ನಿಂತು ಬೆಳಕು ಬೀಳದಿದ್ದ ಜಾಗದಲ್ಲಿ ಮಾತ್ರ ಅವನು ಉಳಿದಿದ್ದ. ಕಡಿಸಿ ಹಾಕಿದ ಮರ ಗರಿ ಬಿಚ್ಚಿಕೊಂಡು ಚಂದ್ರನನ್ನು ತಬ್ಬಿಕೊಂಡು ನಿಂತಿತ್ತು.

"ಪೆಟ್ಟಿಗೆ ಮುಟ್ಟಿದ್ದು ನೀನೇ! ಧೂಳು ಹೊಡೀತೀನಿ ಅಂತ ಮುಚ್ಚಳ ತಿರುಗಿಸಿದ್ದು ನೀನೇ!" ಎಂದು ಹೆಂಡತಿಯ ಮೇಲೆ ಹಾರಾಡಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಆಕೆ ಲೋಟ ತೆಗೆದುಕೊಂಡು ಒಳಗೆ ಹೋದರು. ನಾನು ಜಗಳ ತೆಗೆದೆ. ಅದೆಲ್ಲ ಅವರ ಕಿವಿಗೆ ಬೀಳಲಿಲ್ಲ. ಹಾಳೆಯನ್ನೇ ನೋಡುತ್ತಿದ್ದರು. ಎದ್ದು ಬಂದೆ.

ಎರಡು ತಿಂಗಳಲ್ಲಿ ತಿಪಟೂರಿನಲ್ಲಿ ಪ್ರದರ್ಶನ. ಗೋಡೆಯ ನಡುವೆ ಆಳೆತ್ತರಕ್ಕೆ ಅದೇ ಚಿತ್ರ, ಕೆಳಗೆ ಹೆಸರು: ಮರದ ಆತ್ಮ. ಹಾಳಾದ್ದು, ಚಿತ್ರ ಚೆನ್ನಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಹೊಟ್ಟೆಕಿಚ್ಚು ಅನ್ನುತ್ತಾರೆ. ಜನ ಅದರ ಮುಂದೆ ನಿಂತುಬಿಡುತ್ತಿದ್ದರು. ಇವರು ಮೈಕು ಹಿಡಿದು, "ಕೆಂಪುಮೂತಿ ಹುಳಕ್ಕೆ ಬಲಿಯಾದ ಒಂದು ತಾಯಿಮರಕ್ಕೆ ನನ್ನ ಶ್ರದ್ಧಾಂಜಲಿ. ಬೇಕೆಂದೇ ಎರಡು ಕಾಲಗಳನ್ನು ಒಂದೇ ಹಾಳೆಯಲ್ಲಿ ಹಿಡಿದಿದ್ದೇನೆ" ಎಂದರು. ಶಾಲು ಹೊದಿಸಿದರು, ಹಾರ ಹಾಕಿದರು, ಪರಿಸರಪ್ರೇಮಿ ಎಂದರು. ಮರವನ್ನು ಕೊಂದು ಅದರ ತಿಥಿಯೂಟಕ್ಕೂ ತಾನೇ ಮೊದಲ ಪಂಕ್ತಿಯಲ್ಲಿ ಕೂರುವ ಮನುಷ್ಯನನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಭಾಷಣ ಅಕ್ಕನಿಗೆ ಎಂಥ ಏಟು ಕೊಟ್ಟಿತೆಂದು ಹೊರಗಿನವರಿಗೆ ಹೊಳೆಯಲಿಕ್ಕಿಲ್ಲ. ಹುಳ ಬಿದ್ದ ತೋಟ ಎಂಬ ಸುದ್ದಿ ಸೀಮೆಗೆಲ್ಲ ಹಬ್ಬಿತು. ಆ ವರ್ಷ ಬಿತ್ತನೆಕಾಯಿಗೆ ಯಾರೂ ಬರಲಿಲ್ಲ. ತಾಯಿಮರದಿಂದ ಹಿಂದೆಯೇ ಇಳಿಸಿ ಆರಿಸಿಟ್ಟಿದ್ದ ಕಾಯಿ ಕೊಟ್ಟಿಗೆಯ ಮೂಲೆಯಲ್ಲೇ ಮೊಳೆತು ನಿಂತವು. ಹಿಂದಿನ ವರ್ಷ ಒಯ್ದಿದ್ದವರು ಫೋನು ಮಾಡಿ, "ನಮ್ ಸಸಿಗೂ ಹುಳ ಬತ್ತದೇನಮ್ಮ, ಕಿತ್ತು ಹಾಕ್ಬುಡ್ಲಾ?" ಎಂದು ಕೇಳತೊಡಗಿದರು. "ನಮ್ಮ ಮರಕ್ಕೆ ಹುಳ ಬಿದ್ದಿರ್ನಿಲ್ಲ ಕಣಪ್ಪ" ಎಂದು ಅಕ್ಕ ಹೇಳಿದರೆ, ತನ್ನ ಕಾಯಿ ಕೆಟ್ಟದ್ದೆಂದು ತಾನೇ ಹೇಳಿಯಾಳೇ ಎಂದುಕೊಂಡರು. ಭೌತಶಾಸ್ತ್ರದ ಮೇಷ್ಟ್ರು ಮೈಕಿನಲ್ಲಿ ಹೇಳಿದ ಮೇಲೆ ಮುಗಿಯಿತು.

ಗಾಯದ ಮೇಲೆ ಬರೆ ಎಳೆದಂತೆ, ಆ ಚಿತ್ರಕ್ಕೆ ಚೌಕಟ್ಟು ಹಾಕಿಸಿಕೊಂಡು ಅವರು ಅಕ್ಕನ ಮನೆಗೂ ಬಂದರು. "ನಿಮ್ಮ ಮರಾನ ಅಮರ ಮಾಡಿದೀನಿ ಕಣಮ್ಮ" ಎಂದು ಕೈಗೆ ಕೊಟ್ಟರು. ಅಕ್ಕ ಸೆರಗಿನಲ್ಲಿ ಗಾಜು ಒರೆಸಿ ಬಹಳ ಹೊತ್ತು ನೋಡಿದಳು.

"ಕಾಯಿ ಬುಡ್ತದಾ ಇದು?" ಎಂದಳು.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಹೋದಹೋದ ಸಭೆಯಲ್ಲೆಲ್ಲ "ನಮ್ಮ ಹಳ್ಳಿ ಹೆಣ್ಣುಮಕ್ಕಳ ಮುಗ್ಧತೆ ನೋಡಿ" ಎಂದು ಅದನ್ನೇ ಹೇಳಿ ಚಪ್ಪಾಳೆ ಗಿಟ್ಟಿಸಿದರು.

ಒಂದು ಸಂಜೆ ನಾನು ನೇರವಾಗಿ ಕೇಳಿದೆ. "ಸಾರ್, ನಮ್ಮಕ್ಕನಿಗೆ ಮರ ವಾಪಸು ಬೇಡ. ಊರವರ ಮುಂದೆ ಒಂದೇ ಮಾತು ಹೇಳಿ. ಮರಕ್ಕೆ ಹುಳ ಇರಲಿಲ್ಲ, ನನ್ನ ಚಿತ್ರಕ್ಕಾಗಿ ಕಡಿಸಿದೆ ಅಂತ."

"ಕಲೆಗೆ ವಿವರಣೆ ಕೊಡಬಾರದು ಕನ್ನಡದೋರೇ. ಅದು ನಿಮಗೆ ಗೊತ್ತಿರಬೇಕಿತ್ತು" ಎಂದರು. ಅಂದಿಗೆ ನನ್ನ ವ್ಯಾನು ಅವರ ಮನೆ ಮುಂದೆ ನಿಲ್ಲುವುದು ತಪ್ಪಿತು.

ಅವರ ಕಾಯಿಲೆ ಜೋರಾಗಿ ಆಸ್ಪತ್ರೆಗೆ ಸೇರಿಸಿದ್ದಾರೆಂದು ತಿಳಿದಾಗ ಮತ್ತೆ ಹೋದೆ. ಅಕ್ಕನೇ ಕಳಿಸಿದ್ದಳು. "ಹೋಗ್ ಬಾರ್ಲಾ. ಈಗ್ಲಾದ್ರೂ ಅಂದಾನು" ಎಂದಿದ್ದಳು. ಹಾಸಿಗೆಯ ಪಕ್ಕ ಕೂತು, ಮೆಲ್ಲಗೆ, ಅಕ್ಕನ ವಿಷಯ ಎತ್ತಿದೆ. ಅವರು ಕಣ್ಣು ತೆರೆದು, "ಲೆನ್ಸಿಗೆ ಬೂಷ್ಟು ಬರ್ತದೆ. ಬಿಸಿಲಿಗೆ ಹಿಡೀಬೇಕು, ಯಾರಿಗೂ ಗೊತ್ತಾಗಲ್ಲ" ಎಂದರು. ಇನ್ನೊಂದು ಸಲ ಕೇಳಿದೆ. ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ನನಗೆ ಕರುಣೆ ಬರಬೇಕಿತ್ತೇನೋ, ಬರಲಿಲ್ಲ.

ಅವರು ಹೋದ ಬೆಳಿಗ್ಗೆ ಅಕ್ಕನ ಮನೆ ಜಗುಲಿಯಲ್ಲಿ ಕೂತಿದ್ದೆ. ಅವರ ಭಾವಮೈದ ಬಂದು ಕೈ ಕಟ್ಟಿ ನಿಂತರು. ನಮ್ಮ ಕಡೆ ಚಟ್ಟಕ್ಕೆ ಬಿದಿರಿನ ಮೇಲೆ ಹಸಿ ತೆಂಗಿನ ಗರಿ ಹೆಣೆದು ಹಾಸುತ್ತಾರೆ. ತೋಟ ಮಾರಿದವರ ಮನೆಯಲ್ಲಿ ಗರಿ ಎಲ್ಲಿಂದ ಬರಬೇಕು?

"ಎರಡು ಗರಿ ಬೇಕಾಗಿತ್ತಮ್ಮ" ಎಂದರು ಅವರು, ನೆಲ ನೋಡುತ್ತಾ.

ಅಕ್ಕ ನನ್ನ ಕಡೆ ತಿರುಗಿದಳು. "ಸಾಯೋ ಮುಂಚೆ ಏನಾರಾ ಅಂದ್ನೇನ್ಲಾ ಆವಯ್ಯ?"

ಅಂದರು ಎಂದು ಹೇಳಿಬಿಡಬಹುದಿತ್ತು. ಅವಳ ಜೀವಕ್ಕೆ ಅಷ್ಟು ಸಮಾಧಾನ ಆಗುತ್ತಿತ್ತು. ಆದರೆ ಆ ಮನುಷ್ಯನಿಗಾಗಿ ಸುಳ್ಳು ಹೇಳಲು ನನ್ನ ನಾಲಿಗೆ ಏಳಲಿಲ್ಲ. "ಇಲ್ಲ ಕಣಕ್ಕ" ಎಂದೆ.

ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ತಾನೇ ತೋಟಕ್ಕೆ ನಡೆದು, ಇದ್ದುದರಲ್ಲಿ ಒಳ್ಳೆಯ ಗರಿಗಳನ್ನು ತೋರಿಸಿ ಕಡಿಸಿ, ಭಾವಮೈದನ ಹೆಗಲಿಗೆ ಏರಿಸಿದಳು.

"ಗರಿ ತಗಂಡೋಗಪ್ಪ, ಸತ್ತೋರಿಗೆ ಇಲ್ಲ ಅನ್ನಬಾರದು. ಮುಖ ನೋಡಕ್ಕೆ ಮಾತ್ರ ನಾನು ಬರಾಕಿಲ್ಲ. ಯಾಕೆ ಬರ್ನಿಲ್ಲ ಅಂತ ಯಾರಾದ್ರೂ ಕೇಳಿದ್ರೆ, ಅವರ ಮರಕ್ಕೆ ಹುಳ ಬಿದ್ದಿರ್ನಿಲ್ವಂತೆ, ಅದುಕ್ಕೆ ಬರ್ನಿಲ್ಲ ಅಂತ ಹೇಳು."

ಪಕ್ಕದ ಮನೆಯವರು ಹೆಣದ ಮುಖ ನೋಡಲು ಬರಲಿಲ್ಲವೆಂದರೆ ಹಳ್ಳಿಯಲ್ಲಿ ಸಣ್ಣ ಮಾತಲ್ಲ. ನಾನು ಹೋಗಿದ್ದೆ. ಅಂಗಳದಲ್ಲಿ ಊರವರಿದ್ದರು, ತಿಪಟೂರಿನಿಂದ ಅಭಿಮಾನಿಗಳು ಹಾರ ತಂದಿದ್ದರು, ಹಾಲ್ಕುರಿಕೆ ಕಡೆಯ ನೆಂಟರೂ ಇದ್ದರು. ಯಾರೋ ಒಬ್ಬ ಮುದುಕಿ, "ತಾಯಿಮರದ ಅಮ್ಮ ಯಾಕೆ ಬರ್ನಿಲ್ಲ?" ಎಂದು ಕೇಳಿಯೇಬಿಟ್ಟಳು. ಭಾವಮೈದ ಗರಿ ಇಳಿಸಿ, ಬೆವರು ಒರೆಸಿಕೊಂಡು, ಹೇಳಿಕಳಿಸಿದ ಮಾತನ್ನು ಇದ್ದ ಹಾಗೆಯೇ ಹೇಳಿದರು. ಅಭಿಮಾನಿಯೊಬ್ಬ, "ಇಂಥ ಹೊತ್ತಲ್ಲಿ ಅದೆಲ್ಲ ಯಾಕೆ" ಎಂದು ಶುರುಮಾಡಿದ.

ತಲೆದೆಸೆಯಲ್ಲಿ ಕೂತಿದ್ದ ಅವರ ಹೆಂಡತಿ ಗಂಡನ ಮುಖದ ಮೇಲಿಂದ ಕಣ್ಣು ಕೀಳದೆ, ಅಂಗಳಕ್ಕೆಲ್ಲ ಕೇಳುವ ಹಾಗೆ ಹೇಳಿದರು:

"ದಿಟ. ಹುಳ ಇರಲಿಲ್ಲ. ಫೋಟೋಕ್ಕೆ ಅಡ್ಡ ಬರ್ತದೆ ಅಂತ ಇವರೇ ಕಡಿಸಿದ್ದು."